ಎಂಟನೆಯ ಉಗುರು

ಸತ್ತ ನರಿ ಬದುಕಿದ ನರಿಗಿಂತ ಭಾರವಿರಬೇಕು ಎಂದು ಜಪಾರ್‌ಗೆ ಅನ್ನಿಸಿತು. ಬದುಕಿದ ನರಿಯನ್ನು ಅವನು ಎಂದೂ ಎತ್ತಿ ನೋಡಿದವನಲ್ಲ, ಆ ಮಾತು ಬೇರೆ. ಗಣಿಯ ಲಾರಿಗಳು ಸರೋವರದ ದಂಡೆ ಬಿಟ್ಟು ಬೆಟ್ಟ ಏರಲು ಹೊರಳುವ ತಿರುವಿನಲ್ಲಿ, ರಸ್ತೆಯಂಚಿನ ಹಿಮದ ಮೇಲೆ, ಯಾರೋ ಜೋಪಾನವಾಗಿ ಮಲಗಿಸಿ ಹೋದ ಹಾಗೆ ಅದು ಬಿದ್ದಿತ್ತು. ಮೂತಿ ಸ್ವಚ್ಛ, ಬಾಲ ಸ್ವಚ್ಛ, ಎದೆಯ ಬಿಳಿಗೂದಲಿಗೂ ಒಂದು ಹನಿ ರಕ್ತ ತಾಗಿರಲಿಲ್ಲ. ಹಿಂಗಾಲುಗಳು ಮಾತ್ರ ಯಾವ ಕಡೆಗೆ ಬೇಕಾದರೂ ತಿರುಗುತ್ತಿದ್ದವು. ಹೊಟ್ಟೆ ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಜಪಾರ್ ಎಡಗೈ ಮೇಲಿದ್ದ ತುಮಾರಳನ್ನು ಕಿಲೋಮೀಟರ್ ಕಲ್ಲಿನ ಮೇಲೆ ಇಳಿಸಿದ. ಕಣ್ಣಿಗೆ ತೊಗಲಿನ ಮುಸುಕು ತೊಟ್ಟಿದ್ದ ಹದ್ದು ಒಮ್ಮೆ ರೆಕ್ಕೆ ಕೊಡವಿ, ಇದೂ ಒಂದು ಬಂಡೆಯೇ ಇರಬೇಕೆಂದು ಸುಮ್ಮನಾದಳು. ಚರ್ಮ ಮಾತ್ರ ಸಾಕು ನನಗೆ, ಎಂದುಕೊಂಡ ಜಪಾರ್. ಬೇಸಿಗೆಯಲ್ಲಿ ಪ್ರವಾಸಿಗರ ಮುಂದೆ ಕುದುರೆಗೆ ಹಗ್ಗ ಕಟ್ಟಿ ಎಳೆದು, ಹದ್ದಿನಿಂದ ಹಿಡಿಸಿ ತೋರಿಸುವ ನರಿ ಚರ್ಮ ಎರಡೇ ವರ್ಷಕ್ಕೆ ಬೋಳಾಗಿತ್ತು. ಹೋದ ಆಗಸ್ಟಿನಲ್ಲಿ ಒಬ್ಬ ಫ್ರೆಂಚ್ ಹೆಂಗಸು ಅದನ್ನು ಕೈಯಲ್ಲಿ ಹಿಡಿದು, ಇದು ನಿಮ್ಮ ಕಡೆಯ ಬೆಕ್ಕೇ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಳು. ಆ ಮರ್ಯಾದೆ ಇನ್ನೂ ಅವನಿಗೆ ಚುಚ್ಚುತ್ತಿತ್ತು. ಆದ್ದರಿಂದ ಇದರಲ್ಲಿ ಮೋಸವೇನೂ ಇರಲಿಲ್ಲ. ಕುದುರೆಯ ಜೀನಿನ ಪಕ್ಕದಲ್ಲಿ ಖಾಲಿ ಚೀಲವೂ ಇತ್ತು, ನರಿಯನ್ನು ಅದರೊಳಗೆ ಹಾಕಿಕೊಳ್ಳಬಹುದಿತ್ತು. ಹಾಕಲಿಲ್ಲ. ಜೀನಿನ ಹಿಂದಿನ ಬಾರಿಗೆ, ತಲೆ ಒಂದು ಕಡೆ ಬಾಲ ಒಂದು ಕಡೆ ಇಳಿಬೀಳುವ ಹಾಗೆ ಕಟ್ಟಿದ. ಯಾಕೆ ಹಾಗೆ ಕಟ್ಟಿದ ಎಂದರೆ, ನಮ್ಮ ಕಡೆ ನರಿಯನ್ನು ಕಟ್ಟುವುದೇ ಹಾಗೆ. ಅಷ್ಟು ಹೇಳಿ ಯಾರು ಬೇಕಾದರೂ ನುಣುಚಿಕೊಳ್ಳಬಹುದು.

ತುಮಾರ ಅವನ ಕೈಗೆ ಬಂದು ನಾಲ್ಕು ಚಳಿಗಾಲ ಕಳೆದಿದ್ದವು. ನವೆಂಬರ್‌ನಿಂದ ಫೆಬ್ರವರಿಯವರೆಗೆ ವಾರಕ್ಕೆ ಮೂರು ದಿನ ಅವನು ತುಪ್ಪಳದ ಕೋಟು ತೊಟ್ಟು, ಎಡತೋಳಿನ ಕೆಳಗೆ ಜೀನಿಗೆ ಕವೆಗೋಲು ಊರಿ, ಅದರ ಮೇಲೆ ಆರು ಕಿಲೋ ಹದ್ದನ್ನು ಹೊತ್ತ ಕೈ ಇಟ್ಟು, ಹಾಲು ಹಾಕಿಸಿಕೊಳ್ಳಲು ನಿಂತ ಹೆಂಗಸರೆಲ್ಲ ನೋಡುವ ಹೊತ್ತಿಗೆ ಸರಿಯಾಗಿ ಊರು ದಾಟಿ ಬೆಟ್ಟ ಹತ್ತುತ್ತಿದ್ದ. ಮೇಲೆ ಮೂರನೇ ದಿಣ್ಣೆಯ ಹಿಂದೆ ಗಾಳಿ ಮರೆಯ ಬಂಡೆಯೊಂದಿದೆ. ಅದರ ಬುಡದಲ್ಲಿ ಕೂತು, ಥರ್ಮಾಸ್ ಬಿಚ್ಚಿ, ಚಹಾ ಕುಡಿದು, ಹೆಂಡತಿ ಸಾಯಿರಾ ಕಟ್ಟಿಕೊಟ್ಟ ರೊಟ್ಟಿ ತಿಂದು, ಬಿಸಿಲು ಸರೋವರದ ಆಚೆ ದಡಕ್ಕೆ ಹೋಗುವವರೆಗೆ ಕಾಲ ಕಳೆದು ಇಳಿಯುತ್ತಿದ್ದ. ಹದ್ದಿನ ಮುಸುಕು ತೆಗೆಯುತ್ತಿರಲಿಲ್ಲ. ಈ ಒಂದು ಸಂಗತಿ ಅವನಿಗೆ, ಬಂಡೆಗೆ, ಪ್ರಾಯಶಃ ಹದ್ದಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ಚಳಿಗಾಲದಲ್ಲಿ ಒಂದೇ ಒಂದು ಸಲ ತೆಗೆದಿದ್ದ. ಕೆಳಗೆ ಏನೋ ಕೆಂಪಗೆ ಓಡಿತು, ಅವಳು ಕೈ ಬಿಟ್ಟು ಹಾರಿದಳು, ದಿಣ್ಣೆ ದಾಟಿದಳು. ಆಮೇಲೆ ಆಕಾಶ ಎಷ್ಟು ದೊಡ್ಡದಾಯಿತೆಂದರೆ ಜಪಾರ್‌ಗೆ ನಿಂತ ಜಾಗದಲ್ಲೇ ವಾಂತಿ ಬಂತು. ಮಧ್ಯಾಹ್ನದವರೆಗೆ ಕೂಗಿದ, ಹಸಿಮಾಂಸ ಬೀಸಿ ಕರೆದ, ಹಿಮದಲ್ಲಿ ಮಂಡಿಯೂರಿ ಅತ್ತ. ಸಂಜೆಗೆ ಅವಳು ಒಂದು ಕಲ್ಲಿನ ಮೇಲೆ ಏನೂ ಆಗದವಳ ಹಾಗೆ ಕೂತಿದ್ದಳು. ಹದ್ದು ಹೋಗಿಬಿಟ್ಟರೆ ತಾನು ಯಾರು ಎಂಬ ಪ್ರಶ್ನೆಗೆ ಆ ದಿನ ಅವನಿಗೆ ಉತ್ತರ ಸಿಕ್ಕಿತ್ತು. ಉತ್ತರ ಅವನಿಗೆ ಹಿಡಿಸಲಿಲ್ಲ. ಅಂದಿನಿಂದ ಅವಳಿಗೆ ದಿನಕ್ಕೆರಡು ಹೊತ್ತು ಕುರಿಯ ಪಿತ್ತಜನಕಾಂಗ, ಬೆಟ್ಟದ ಮೇಲೆ ಮುಸುಕು. ಬೇಸಿಗೆಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಪ್ರವಾಸಿಗರ ಡೇರೆಗಳ ಮುಂದೆ ನಿಂತಾಗ ಹೋದ ಚಳಿಗಾಲ ಎಷ್ಟು ನರಿ ಎಂದು ಕೇಳುತ್ತಾರೆ. ಜರ್ಮನ್ನರಿಗೆ ಒಂಬತ್ತು ಎಂದಿದ್ದ. ಕೊರಿಯಾದವರಿಗೆ ಹದಿನಾಲ್ಕು. ಅವರು ತಲೆಬಾಗಿದ ರೀತಿ ನೋಡಿ ಇಪ್ಪತ್ತು ಹೇಳಬಹುದಿತ್ತಲ್ಲ ಎಂದು ಹೊಟ್ಟೆ ಉರಿಯಿತು.

ಅನಾರ್‌ಕಾನಳ ಅಂಗಡಿ ಊರಿನ ಬಾಯಲ್ಲೇ ಇದೆ. ಊರಿನ ಬಾಯಿಯೇ ಅದು ಎಂದರೂ ತಪ್ಪಿಲ್ಲ. ಜಪಾರ್ ಸಿಗರೇಟಿಗೆಂದು ಕುದುರೆ ನಿಲ್ಲಿಸಿದ. ಕೆಳಗಿಳಿಯದೆ ಕೂಗಿದ, ಇಳಿದರೆ ನರಿ ಕಾಣುವುದಿಲ್ಲ ಎಂಬುದು ಅವನ ತಲೆಯಲ್ಲಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಅನಾರ್‌ಕಾನ್ ಸಿಗರೇಟು ಹಿಡಿದು ಬಾಗಿಲಿಗೆ ಬಂದಳು. ಬಾಗಿಲ ಮೇಲೆ ಹೋದ ವರ್ಷದ ಹದ್ದು ಹಬ್ಬದ ಪೋಸ್ಟರು, ಅದರಲ್ಲಿ ಎರಡು ಕಾಲನ್ನೂ ಮುಂದೆ ಚಾಚಿ ಎಂಟೂ ಉಗುರು ಬಿಚ್ಚಿ ಎರಗುತ್ತಿರುವ ಹದ್ದು. ಅವಳು ಆ ಹದ್ದಿನ ಕೆಳಗೆ ನಿಂತು ಕುದುರೆಯ ಹಿಂಭಾಗ ನೋಡಿದಳು.

"ಜಪಾರಣ್ಣ, ಇದೇನಿದು. ತುಮಾರ ಹಿಡಿದ್ಲಾ?"

"ಏನೋ ಇವತ್ತು…" ಎಂದ ಜಪಾರ್. ಸುಳ್ಳು ಹೇಳಲಿಲ್ಲ. ವಾಕ್ಯ ಮುಗಿಸಲಿಲ್ಲ, ಅಷ್ಟೆ.

"ಏನೋ ಇವತ್ತು ಅಂತೆ. ನಾಲ್ಕು ವರ್ಷದಿಂದ ಈ ಊರಲ್ಲಿ ಬರೀ ಕೋಳಿ ರೆಕ್ಕೆ ನೋಡಿ ಸಾಕಾಗಿತ್ತು ನಂಗೆ. ತಗೊಳ್ಳಿ, ಸಿಗರೇಟು ಇಟ್ಕೊಳ್ಳಿ, ದುಡ್ಡು ಬೇಡ. ಉಗುರು ಎಲ್ಲಿ ಹೊಕ್ಕಿದೆ ತೋರ್ಸಿ. ನಮ್ಮಪ್ಪ ತಂದಾಗ ನಾವು ಆ ತೂತಿಗೆ ಬೆರಳು ಹಾಕಿ ಆಡ್ತಿದ್ವಿ."

"ಹತ್ರ ಬರ್ಬೇಡ, ಕುದುರೆ ಒದೀತದೆ."

ಆ ಕುದುರೆಗೆ ಹದಿನೇಳು ವರ್ಷ, ಹುಟ್ಟಿದಾಗಿನಿಂದ ಯಾರನ್ನೂ ಒದ್ದಿರಲಿಲ್ಲ. ಅನಾರ್‌ಕಾನ್ ಅದರ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

"ನಾನು ಬಾಯಿ ಬಿಟ್ಟು ಶಿರಾಲ್ಗಾ ಅನ್ನಲ್ಲಪ್ಪ. ಅಂದ್ರೆ ಬಿಚ್ಚಿ ಕೊಡಲೇಬೇಕಾಗುತ್ತೆ ನೀವು. ಕೇಳೋ ಹಕ್ಕಿರೋದು ಮುಕಾಶ್ ಆತಾಗೆ. ಪಾಪ, ಕಣ್ಣು ಹೋದ್ಮೇಲೂ ಗೇಟಲ್ಲಿ ಕೂತು ಕಾಯ್ತಾರೆ. ತಡೀರಿ, ಅವರ ಸೊಸೆಗೆ ಒಂದು ಫೋನ್ ಹಾಕ್ತೀನಿ."

"ಬೇಡ," ಎಂದ ಜಪಾರ್. ಅವಳಾಗಲೇ ಕಿವಿಗೆ ಫೋನಿಟ್ಟುಕೊಂಡು ಒಳಗೆ ಹೋಗಿದ್ದಳು.

ಬೇಟೆ ಮುಗಿಸಿ ಬರುವವನಿಗೆ ಎದುರಾದವರು ಶಿರಾಲ್ಗಾ ಅಂದರೆ ಜೀನಿಗೆ ಕಟ್ಟಿದ್ದನ್ನು ಬಿಚ್ಚಿ ಕೊಟ್ಟುಬಿಡಬೇಕು. ಕೊಟ್ಟವನಿಗೆ ಹೆಸರು, ತಗೊಂಡವರಿಂದ ಹರಕೆ. ಈಗ ಯಾರೂ ಕೇಳುವುದಿಲ್ಲ, ಕೇಳುವಂಥದ್ದನ್ನು ಯಾರೂ ತರುವುದಿಲ್ಲ. ಆದರೆ ನಾಲ್ಕು ವರ್ಷದ ಹಿಂದೆ, ಊರೆಲ್ಲ ಆತಾ, ಅಂದರೆ ಅಪ್ಪ, ಎಂದು ಕರೆಯುವ ಮುಕಾಶ್, ಎರಡೂ ಕಣ್ಣಿಗೆ ಹಾಲಿನಂಥ ಪೊರೆ ಬಂದು ಎದುರಿನವರ ಮುಖ ಕಾಣದಾದಾಗ, ನಲವತ್ತು ನರಿ ಹಿಡಿದ ತನ್ನ ತುಮಾರಳನ್ನು ಶಿಷ್ಯ ಜಪಾರ್‌ನ ಕೈಗವಸಿನ ಮೇಲೆ ಕೂರಿಸಿ ಎರಡೇ ಮಾತು ಹೇಳಿದ್ದ: "ಮೊದಲನೇ ನರಿ ಕಟ್ಕೊಂಡು ನನ್ನ ಗೇಟ್ ಮುಂದೆ ಬಾ. ಶಿರಾಲ್ಗಾ ಕೇಳ್ತೀನಿ, ಆಮೇಲೆ ಸಾಯ್ತೀನಿ." ಎರಡನೆಯ ಮಾತು ಜಪಾರ್‌ಗೆ ಒಂದು ಬಗೆಯ ಸಮಾಧಾನವನ್ನೂ ಕೊಟ್ಟಿತ್ತು, ತಾನು ನರಿ ಹಿಡಿಯದೆ ಮುದುಕನ ಆಯುಸ್ಸು ಬೆಳೆಸುತ್ತಿದ್ದೇನೆ ಎಂದು ಚಹಾ ಕುಡಿಯುತ್ತ ಎಷ್ಟೋ ಸಲ ಯೋಚಿಸಿದ್ದ. ಬೆಟ್ಟ ಇಳಿದು ಬರುವಾಗಲೆಲ್ಲ ಮುಂದಿನ ಬೀದಿ ಬಿಟ್ಟು ಹಿಂದಿನ ಓಣಿ ಹಿಡಿಯುತ್ತಿದ್ದ. ಅಲ್ಲಿ ಆತಾನ ಮನೆಯ ಕೊಟ್ಟಿಗೆಯ ಗೋಡೆ ಮಾತ್ರ ಸಿಗುತ್ತದೆ. ಇವತ್ತು ಓಣಿಗೆ ತಿರುಗುವಂತಿರಲಿಲ್ಲ. ಬೀದಿಗೆ ಹೋಗುವುದಾದರೆ ನರಿಯ ಮೈಮೇಲೆ ಉಗುರಿನ ಗುರುತಿರಬೇಕಿತ್ತು. ಹದ್ದು ಒಂದು ಕಾಲಲ್ಲಿ ಮೂತಿ ಹಿಡಿದು ಇನ್ನೊಂದರಲ್ಲಿ ಬೆನ್ನು ಹಿಡಿಯುತ್ತದೆ ಎಂದು ನಮ್ಮ ಕಡೆ ಹಲ್ಲು ಬಾರದ ಮಗುವಿಗೂ ಗೊತ್ತು.

ಸೋವಿಯತ್ ಕಾಲದಲ್ಲಿ ಕುರಿ ತೊಳೆಯುತ್ತಿದ್ದ ಸಿಮೆಂಟು ತೊಟ್ಟಿಯ ಹಿಂದೆ ಜಪಾರ್ ಕುದುರೆ ಇಳಿದ. ತುಮಾರಳನ್ನು ತೊಟ್ಟಿಯ ಅಂಚಿಗೆ ಕೂರಿಸಿ, ಕಾಲಿನ ಬಾರು ಹೊಲಿಯಲು ಸದಾ ಜೇಬಿನಲ್ಲಿರುವ ದಬ್ಬಳ ತೆಗೆದ. ಮೊದಲನೆಯ ತೂತಿಗೆ ದಬ್ಬಳ ಎರಡು ಸಲ ಜಾರಿತು. ಕಣ್ಣಿನ ಕೆಳಗೆ ಚುಚ್ಚುವಾಗ ನರಿ ತನ್ನನ್ನೇ ನೋಡುತ್ತಿದೆ ಅನ್ನಿಸಿ, ಅದರ ರೆಪ್ಪೆ ಮುಚ್ಚಲು ನೋಡಿದ, ಮುಚ್ಚಲಿಲ್ಲ. ಎರಡನೆಯದಕ್ಕೆ ಧೈರ್ಯ ಬಂತು. ಮೂರನೆಯದಕ್ಕೆ ಒಂದು ಬಗೆಯ ಕಸುಬುದಾರಿಕೆಯೇ ಬಂದುಬಿಟ್ಟಿತು: ಉಗುರು ನೇರವಾಗಿ ಇಳಿಯುವುದಿಲ್ಲ, ಬಾಗಿ ಇಳಿಯುತ್ತದೆ, ಆದ್ದರಿಂದ ದಬ್ಬಳವನ್ನು ಓರೆ ಹಿಡಿದು ಒಳಗೆ ತಿರುಗಿಸಬೇಕು. ಅಂಗಡಿ ಬಾಗಿಲಿನ ಪೋಸ್ಟರನ್ನು ಕಣ್ಣ ಮುಂದೆ ತಂದುಕೊಂಡ. ಮುಂದೆ ಮೂರು, ಹಿಂದೆ ಒಂದು. ಮೂತಿಗೆ ನಾಲ್ಕು, ಬೆನ್ನಿಗೆ ನಾಲ್ಕು. ತನ್ನ ಬೆರಳುಗಳನ್ನೇ ಅಗಲಿಸಿ ಅಳತೆ ಹಿಡಿದ. ರಕ್ತ ಒಸರಲಿಲ್ಲವಾದ್ದರಿಂದ ಹಿಂಭಾಗದಿಂದ ಒಂದಿಷ್ಟು ಬೆರಳಲ್ಲಿ ತಂದು ತೂತುಗಳಿಗೆ ಹಚ್ಚಿದ. ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದಾಗ ಅವನಿಗೆ ಹೆಮ್ಮೆಯಾಯಿತು. ನಾಲ್ಕು ಚಳಿಗಾಲದಲ್ಲಿ ಅವನು ಕೈಯಾರೆ ಶ್ರದ್ಧೆಯಿಂದ ಮಾಡಿದ ಕೆಲಸ ಇದೊಂದೇ ಇತ್ತು. ಹದ್ದು ತೊಟ್ಟಿಯ ಮೇಲೆ ಮುಸುಕಿನೊಳಗೆ ಕಾಯುತ್ತಿತ್ತು.

ಮುಂದಿನ ಬೀದಿ ಇಷ್ಟು ಅಗಲವಾಗಿದೆಯೆಂದು ಅವನಿಗೆ ಮರೆತೇ ಹೋಗಿತ್ತು. ಸಾಲು ಪೋಪ್ಲಾರ್ ಮರಗಳು, ಹಸಿರು ಬಣ್ಣದ ಗೇಟುಗಳು, ಗೇಟುಗಳಲ್ಲಿ ತಲೆಗಳು. ಯಾರೋ ಸಲಾಂ ಹೇಳಿದರು. ಹೋದ ತಿಂಗಳು ಒಂದು ಮದುವೆಯಲ್ಲಿ ದೊಡ್ಡವರಿಗೆ ಸಲ್ಲುವ ಕುರಿಯ ತಲೆ ಇಡುವಾಗ ಅವನ ಮುಂದಿನ ತಟ್ಟೆಯನ್ನು ಬೇರೆಯವರತ್ತ ಸರಿಸಿದ್ದ ಶಾಲೆಯ ನಿವೃತ್ತ ಹೆಡ್‌ಮಾಸ್ತರು ಈಗ ಹಿಮ ಗುಡಿಸುವ ಸಲಿಕೆ ಬದಿಗಿಟ್ಟು ಎದೆ ಮೇಲೆ ಕೈ ಇಟ್ಟರು. ಜಪಾರ್‌ನ ಬೆನ್ನು ನೆಟ್ಟಗಾಯಿತು. ಕವೆಗೋಲಿನ ಮೇಲಿನ ತೋಳು ಕೂಡ ಹಗುರಾಯಿತು. ಅರ್ಧ ಬೀದಿ ಬರುವಷ್ಟರಲ್ಲಿ ಲಾರಿ ಎಂಬುದು ಯಾರೋ ಹೇಳಿದ ಸಂಗತಿಯ ಹಾಗೆ ದೂರವಾಗಿ, ಮೂರನೇ ದಿಣ್ಣೆಯ ಇಳಿಜಾರಿನಲ್ಲಿ ಕೆಂಪಗೆ ಓಡುವ ನರಿ, ಅದರ ಮೇಲೆ ಬೀಳುವ ನೆರಳು, ಎಲ್ಲ ಕಣ್ಣಿಗೆ ಕಟ್ಟತೊಡಗಿತ್ತು. ಮುಕಾಶ್ ಆತಾ ಹಳೆಯ ಬಸ್ಸಿನ ಸೀಟೊಂದನ್ನು ಗೇಟಿನ ಪಕ್ಕ ಹಾಕಿಸಿಕೊಂಡು, ಕುರಿ ಚರ್ಮ ಹೊದ್ದು ಬಿಸಿಲಿಗೆ ಕೂತಿದ್ದ. ಸೊಸೆ ನಾಜ್‌ಗುಲ್ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದಳು. ಸುತ್ತ ಏಳೆಂಟು ಜನ. ಕುದುರೆ ನಿಂತ ಸದ್ದಿಗೆ ಮುದುಕ ಮುಖ ಎತ್ತಿದ.

"ಶಿರಾಲ್ಗಾ," ಎಂದ. ಧ್ವನಿ ಒಡೆದಿತ್ತು.

ಜಪಾರ್ ಬಾರು ಬಿಚ್ಚಿ, ಎರಡು ಕೈಯಿಂದ ಕೊಡಬೇಕಾದ್ದನ್ನು ಹದ್ದಿರುವುದರಿಂದ ಒಂದೇ ಕೈಯಲ್ಲಿ, ಬಾಗಿ ಅವನ ತೊಡೆಯ ಮೇಲೆ ಇಟ್ಟ. ಮುದುಕನ ಬೆರಳುಗಳು ತುಪ್ಪಳದೊಳಗೆ ಹೊಕ್ಕವು.

"ಮೂತಿ ಯಾವ ಕಾಲಲ್ಲಿ ಹಿಡಿದ್ಲೋ?"

"ಬಲಗಾಲಲ್ಲಿ, ಆತಾ."

ಹೇಳಿದ ಮೇಲೆ ಯಾಕೋ ಕೈಗವಸಿನ ಕಡೆ ನೋಡಿದ. ತುಮಾರಳ ಬಲಗಾಲು ಅಲ್ಲಿತ್ತು. ಮುಂದೆ ಮೂರು ಉಗುರು. ಹಿಂದಿನ ಬೆರಳ ತುದಿಯಲ್ಲಿ ಗಂಟು ಕಟ್ಟಿದ ಮೊಂಡು. ಆತಾನ ಕಾಲದಲ್ಲೇ ಒಂದು ಮುದಿ ನರಿ ಆ ಉಗುರನ್ನು ಬುಡಸಹಿತ ಕಚ್ಚಿ ಕಿತ್ತಿತ್ತು. ಅವಳಿಗಿದ್ದದ್ದು ಏಳೇ ಉಗುರು. ನಾಲ್ಕು ವರ್ಷದಿಂದ ದಿನಾ ಆ ಏಳಕ್ಕೂ ಎಣ್ಣೆ ಹಚ್ಚುತ್ತಿದ್ದವನು ಅವನೇ. ಪ್ರವಾಸಿಗರಿಗೆ ಆ ಮೊಂಡು ತೋರಿಸಿ, ತೋಳ ಕಚ್ಚಿದ್ದು ಎಂದು ಹೇಳಿ ಮೈ ನಡುಗಿಸುತ್ತಿದ್ದವನೂ ಅವನೇ. ತೊಟ್ಟಿಯ ಅಂಚಿನಲ್ಲಿ ಅವಳು ಮೂರಡಿ ದೂರದಲ್ಲಿ ಕೂತಿದ್ದಾಗ, ಅವನು ಪೋಸ್ಟರಿನ ಹದ್ದನ್ನು ನೆನೆಸಿಕೊಂಡು ಚುಚ್ಚಿದ್ದ.

"ಹೇಳು ಮತ್ತೆ," ಎಂದ ಆತಾ. "ಹೆಂಗೆ ಹಿಡಿದ್ಲು ಅಂತ ಹೇಳ್ದೆ ಹರಕೆ ಹೆಂಗೆ ಕೊಡ್ಲಿ."

ಹೇಳದೆ ವಿಧಿ ಇರಲಿಲ್ಲ, ಹೇಳತೊಡಗಿದ. ಮೂರನೇ ದಿಣ್ಣೆ, ಆರ್ಚಾ ಪೊದೆ, ಹಿಮದ ಮೇಲೆ ಹೊಸ ಹೆಜ್ಜೆ. ತನ್ನ ಧ್ವನಿ ತನಗೇ ಪರಕೀಯವಾಗಿ, ಆದರೆ ಎಷ್ಟು ಚೆನ್ನಾಗಿ ಕೇಳುತ್ತಿತ್ತೆಂದರೆ ಜನ ಇನ್ನಷ್ಟು ಹತ್ತಿರ ಬಂದರು. ಮುಸುಕು ತೆಗೆದ ಕ್ಷಣವನ್ನು ಅವನು ಬಹಳ ನಿಧಾನವಾಗಿ ಹೇಳಿದ. ಆ ಭಾಗ ಅವನಿಗೆ ಬಾಯಿಪಾಠವಿತ್ತು, ಎಷ್ಟೋ ಬೆಳಗು ಬಂಡೆಯ ಬುಡದಲ್ಲಿ ಕೂತು ಬರೀ ಮನಸ್ಸಿನಲ್ಲಿ ತೆಗೆದಿದ್ದ. ಹೇಳುತ್ತಲೇ ಅವನ ಕಣ್ಣು ಮುದುಕನ ಹೆಬ್ಬೆರಳಿನ ಮೇಲಿತ್ತು. ಹೆಬ್ಬೆರಳು ನರಿಯ ಮೂಗಿನ ಬಳಿ ಒಂದು ತೂತು ಕಂಡಿತು. ಕಣ್ಣಿನ ಕೆಳಗೆ ಇನ್ನೊಂದು. ದವಡೆಯ ಮೇಲೆ ಮೂರನೆಯದು. ಆಮೇಲೆ ದವಡೆಯ ಕೆಳಕ್ಕೆ ಇಳಿದು, ಹಿಂದಿನ ಉಗುರು ಇರಬೇಕಾದ ಜಾಗಕ್ಕೆ ಬಂದು, ಅಲ್ಲಿ ನಿಂತಿತು. ತುದಿ ಒಳಗೆ ಹೋಯಿತು. ಜಪಾರ್‌ನ ಬಾಯಿ ಅರ್ಧ ಮಾತಿಗೆ ನಿಂತುಬಿಟ್ಟಿತು. ನಾಜ್‌ಗುಲ್ ಫೋನಿನ ಹಿಂದಿನಿಂದ ತಲೆ ಹೊರಗೆ ಹಾಕಿದಳು. ಊರಿನ ಮುಂದೆ ಬಟ್ಟೆ ಬಿಚ್ಚಿ ನಿಲ್ಲಿಸಿದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅದರಲ್ಲಿ ಕಾಣುವುದು ಮೈ ಮಾತ್ರ.

"ಮುಂದೆ?" ಎಂದ ಆತಾ.

"ಮುಂದೆ… ಬೆನ್ನಿಗೆ ಕಾಲು ಹಾಕಿದ್ಲು."

"ಹೂಂ. ಬೆನ್ನಿಗೆ ಹಾಕ್ಲೇಬೇಕು."

ಕಥೆ ಹೇಗೋ ಮುಗಿಯಿತು. ಮುದುಕ ಎರಡು ಅಂಗೈ ಬಿಚ್ಚಿ ಮುಂದೆ ಚಾಚಿದ, ಎಲ್ಲರೂ ಚಾಚಿದರು. "ನಿನ್ನ ಹಕ್ಕಿ ಕಾಲು ಗಟ್ಟಿ ಇರ್ಲಿ. ನಿನ್ನ ಕಣ್ಣಿಗೆ ನನ್ನ ಕಣ್ಣಿನ ಗತಿ ಬರ್ದೇ ಇರ್ಲಿ. ಅವಳಿಗೆ ಇಲ್ಲದ ಉಗುರನ್ನೂ ದೇವರು ಕೊಟ್ಟಿದ್ದಾನೆ, ಮುಂದಕ್ಕೂ ಕೊಡ್ತಾ ಇರ್ಲಿ. ಓಮಿನ್." ಓಮಿನ್ ಎಂದು ಎಲ್ಲರೂ ಮುಖ ಸವರಿಕೊಂಡರು. ಹೆಡ್‌ಮಾಸ್ತರು ಪಕ್ಕದವರಿಗೆ, ಹಳಬರ ಹರಕೆಯಲ್ಲಿ ಎಂಥ ಕಾವ್ಯ ಇತ್ತು ನೋಡಿ, ಈಗಿನವರಿಗೆ ಬರುತ್ತದೆಯೇ, ಎಂದರು.

ಜನ ಚದುರಿದ ಮೇಲೆ ನಾಜ್‌ಗುಲ್ ಚಹಾ ತರಲು ಒಳಗೆ ಹೋದಳು. ಮುದುಕ ನರಿಯ ಹಿಂಭಾಗವನ್ನು ಒತ್ತಿ ನೋಡುತ್ತಿದ್ದ. ಒಳಗೆ ಪುಡಿಯಾದ ಎಲುಬು ಒಂದಕ್ಕೊಂದು ಮಸೆಯುವ ಸದ್ದು ಇಬ್ಬರಿಗೂ ಕೇಳುತ್ತಿತ್ತು.

"ಲಾರೀನಾ, ಕಾರಾ?"

ಜಪಾರ್ ತಲೆ ತಗ್ಗಿಸಿದ. ಕಣ್ಣಿಲ್ಲದವನ ಮುಂದೆ ತಲೆ ತಗ್ಗಿಸಿದರೆ ಪ್ರಯೋಜನವಿಲ್ಲವೆಂದು ಆಮೇಲೆ ಹೊಳೆಯಿತು.

"ಲಾರಿ."

"ಹೊಸಾ ರಸ್ತೆ ಮಾಡಿದ್ಮೇಲೆ ಜೋರಾಗಿ ಓಡಿಸ್ತಾರೆ," ಎಂದ ಆತಾ, ರಸ್ತೆ ಸಾರಿಗೆಯ ಬಗ್ಗೆಯೇ ಚಿಂತೆ ಇರುವವನ ಹಾಗೆ. "ನಾಲ್ಕು ವರ್ಷದಿಂದ ಹಿಂದಿನ ಓಣೀಲಿ ನಿನ್ನ ಕುದುರೆ ಹೋಗೋದು ಕೇಳಿಸ್ತಿತ್ತು ನಂಗೆ. ಹಿಂಗಾಲು ಎಳೀತದೆ ಅದು. ಬರಿಗೈಲಿ ಬಂದಿದ್ರೂ ಚಹಾ ಸಿಗ್ತಿತ್ತಲ್ಲೋ. ಕೊಡು ಅವಳನ್ನ ಇಲ್ಲಿ."

ಎಂಬತ್ತಾರು ವರ್ಷದ ತೋಳಿನ ಮೇಲೆ ಕುರಿ ಚರ್ಮ ಸುತ್ತಿಕೊಂಡು ಹದ್ದನ್ನು ಕೂರಿಸಿಕೊಂಡ. ಅವಳು ಆ ತೋಳನ್ನು ಗುರುತಿಸಿ ಗಂಟಲೊಳಗೆ ಸಣ್ಣ ಸದ್ದು ಮಾಡಿದಳು. ಅಂಥ ಸದ್ದನ್ನು ಜಪಾರ್ ಒಮ್ಮೆಯೂ ಕೇಳಿರಲಿಲ್ಲ. ಅವನೊಳಗೆ ಹೆಂಗಸರ ಮತ್ಸರದಂಥದೇನೋ ಎದ್ದಿತು. ಮುದುಕ ಗರಿಗಳೊಳಗೆ ಕೈ ತೂರಿಸಿ ಎದೆಮೂಳೆ ಹುಡುಕಿದ. ಹುಡುಕುತ್ತಲೇ ಇದ್ದ.

"ಹಬ್ಬದ ಕೋಳಿ ಮಾಡಿಟ್ಟಿದ್ದೀಯ. ಎಷ್ಟು ಸಲ ಬಿಟ್ಟಿದ್ದೀಯ ಇವಳನ್ನ?"

"ಒಂದ್ಸಲ."

"ಈ ವರ್ಷ?"

"ಒಟ್ಟು."

ಆತಾ ಬೈಯಲಿಲ್ಲ. ಬೈದಿದ್ದರೆ ಜಪಾರ್‌ಗೆ ಉತ್ತರ ಕೊಡಲು ಬೇಕಾದಷ್ಟಿತ್ತು. "ಹತ್ತು ದಿನ ರಕ್ತ ತೊಳೆದ ಮಾಂಸ ಹಾಕು, ಕೊಬ್ಬು ಇಳಿದು ಹಸಿವಾಗ್ಲಿ," ಎಂದ ಮುದುಕ. "ದಿನಾ ಇಲ್ಲಿಗೆ ತಗೊಂಡ್ಬಾ, ಮುಟ್ಟಿ ನೋಡ್ತೀನಿ. ಹನ್ನೊಂದನೇ ದಿನ ನಾನೂ ಬರ್ತೀನಿ ಮೇಲೆ. ಈ ನರಿ ಲೆಕ್ಕಕ್ಕಿಲ್ಲ. ನಾನು ಸಾಯೋದೂ ಇದರಿಂದ ಲೆಕ್ಕಕ್ಕಿಲ್ಲ. ಅವಳು ಹಾರೋದು ಕೇಳಿಸ್ಕೋಬೇಕು ನಂಗೆ ಇನ್ನೊಂದ್ಸಲ, ಅಷ್ಟೆ. ಆಗ ನೀನು ಹದ್ದಿನವನು ಅಂತ ನಾನೇ ಊರಿಗೆಲ್ಲ ಹೇಳ್ತೀನಿ, ಸುಳ್ಳಲ್ಲದೆ."

ಆ ಹತ್ತು ದಿನ ಜಪಾರ್‌ನ ಬದುಕಿನಲ್ಲೇ ಅತ್ಯಂತ ಮರ್ಯಾದೆಯ ದಿನಗಳು. ನಾಜ್‌ಗುಲಳ ವಿಡಿಯೋ ಸರೋವರದ ಸುತ್ತ ಎಲ್ಲರ ಫೋನಿಗೂ ಹೋಗಿತ್ತು. ಹದ್ದು ಹಬ್ಬದ ಕಾರ್ಯದರ್ಶಿ ಫೋನು ಮಾಡಿ, ಈ ವರ್ಷ ಮೆರವಣಿಗೆಯಲ್ಲಿ ನೀವೇ ಮೊದಲನೇ ಕುದುರೆ, ಎದೆಗೆ ಹಾಕಿಕೊಳ್ಳಲು ಪಟ್ಟಿಯೊಂದು ಹೊಲಿಸುತ್ತಿದ್ದೇವೆ, ಎದೆಯ ಸುತ್ತಳತೆ ಹೇಳಿ ಎಂದ. ಸಾಯಿರಾ ಟೇಪು ಹಿಡಿದು ಅಳೆದಳು. "ಉಸಿರು ಬಿಡಿ ಒಂದ್ಸಲ," ಎಂದಳು, "ಹಿಂಗೇ ಉಬ್ಬಿಸ್ಕೊಂಡಿದ್ರೆ ಹಬ್ಬದ ದಿನ ಪಟ್ಟಿ ಜಾರಿ ಬೀಳ್ತದೆ." ಅವಳಿಗೆ ಎಷ್ಟು ಗೊತ್ತಿತ್ತೋ ಅವನು ಕೇಳಲಿಲ್ಲ. ದಿನಾ ಬೆಳಿಗ್ಗೆ ಕುರಿಮಾಂಸವನ್ನು ತುಂಡು ಮಾಡಿ, ಐದು ಸಲ ನೀರು ಬದಲಿಸಿ, ಹಿಂಡಿ, ಕೆಂಪು ಹೋಗಿ ಒದ್ದೆ ಬಟ್ಟೆಯ ಹಾಗೆ ಬೆಳ್ಳಗಾಗುವವರೆಗೆ ತೊಳೆಯುತ್ತಿದ್ದ. ತುಮಾರ ಅದನ್ನು ನುಂಗಿ, ಮತ್ತೆ ಕಾದು, ಬರುವುದು ಅಷ್ಟೇ ಎಂದು ತಿಳಿದು ಕೂಗುತ್ತಿದ್ದಳು. ಮೂರನೆಯ ದಿನ ಕೂಗು ಮನೆಯೊಳಗೆಲ್ಲ ಕೇಳಿ ಜಪಾರ್ ಕಿವಿಗೆ ದಿಂಬು ಒತ್ತಿಕೊಂಡ. ಐದನೆಯ ದಿನ ಒಂದು ತುಂಡು ಪಿತ್ತಜನಕಾಂಗ ಜೇಬಿಗೆ ಹಾಕಿಕೊಂಡು ಹೋಗಿ, ಅವಳ ಮುಂದೆ ನಿಂತು, ಕೊಡಲಾರದೆ, ವಾಪಸು ತಂದು ನಾಯಿಗೆ ಹಾಕಿದ. ಆರನೆಯ ದಿನದಿಂದ ಅವಳು ಕೂಗುವುದನ್ನೇ ಬಿಟ್ಟಳು. ಮುಸುಕು ತೆಗೆದು ತಿನ್ನಿಸುವಾಗ ಅವನನ್ನು ನೋಡುತ್ತಿದ್ದಳು. ಇಷ್ಟು ವರ್ಷ ಅವಳು ತನ್ನನ್ನು ಪ್ರೀತಿಯಿಂದ ನೋಡುತ್ತಾಳೆಂದು ಅವನು ನಂಬಿದ್ದ, ಪ್ರವಾಸಿಗರಿಗೂ ಹೇಳಿದ್ದ. ಈಗ ಆ ಹಳದಿ ಕಣ್ಣಿನಲ್ಲಿ ತಾನು ಒಂದು ಕೈ, ಆ ಕೈಯಲ್ಲಿ ಮಾಂಸ ಇದೆಯೋ ಇಲ್ಲವೋ, ಇಷ್ಟೇ ಕಂಡಿತು. ಅವಮಾನವೆಂದರೆ ಇದು ಎಂದುಕೊಂಡ. ಲಾರಿಯ ವಿಷಯ ಇದರ ಮುಂದೆ ಏನೂ ಅಲ್ಲ. ಒಂಬತ್ತನೆಯ ದಿನ ಆತಾ ಎದೆಮೂಳೆ ಮುಟ್ಟಿ, "ಈಗ ಹದ್ದು," ಎಂದ.

ಹನ್ನೊಂದನೆಯ ದಿನ ಗಾಳಿ ಇರಲಿಲ್ಲ. ಮುದುಕನನ್ನು ಕುದುರೆ ಮೇಲೆ ಕೂರಿಸಿ, ಬೀಳದ ಹಾಗೆ ಕಂಬಳಿಯಿಂದ ಜೀನಿಗೆ ಸುತ್ತಿ, ಲಗಾಮಿಗೆ ಹಗ್ಗ ಹಾಕಿ ಜಪಾರ್ ಎಳೆದುಕೊಂಡು ಹೋದ. ಬೇರೆ ಯಾರೂ ಬರಕೂಡದೆಂದು ಆತಾನೇ ಗದರಿಸಿದ್ದ. ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಇದ್ದ: ಇಲ್ಲಿ ಒಂದು ಹಳ್ಳ ಬರಬೇಕು, ಬಂತಾ, ಇಲ್ಲಿ ಕಲ್ಲು ಉರುಳುತ್ತದೆ, ಎಡಕ್ಕೆ ಹಿಡಿ. ಎಲ್ಲವೂ ಅವನು ಹೇಳಿದ ಜಾಗದಲ್ಲೇ ಇದ್ದವು. ಮೂರನೇ ದಿಣ್ಣೆಯ ಮೇಲೆ ನಿಂತಾಗ ಕೆಳಗೆ ಇಳಿಜಾರು ಪೂರ್ತಿ ಬೆಳ್ಳಗೆ ಹರಡಿತ್ತು, ಆಚೆಗೆ ಸರೋವರ. ಮುದುಕ ಮಾತು ನಿಲ್ಲಿಸಿ ಟೋಪಿಯ ಕಿವಿ ಮಡಿಕೆಗಳನ್ನು ಮೇಲೆತ್ತಿಕೊಂಡ, ಕೇಳಿಸಿಕೊಳ್ಳಲು. ತುಮಾರ ಕೈಗವಸನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಏಳು ಉಗುರೂ ಒಂದೊಂದಾಗಿ ತೊಗಲಿನ ಆಚೆಯಿಂದ ಜಪಾರ್‌ನ ಮೂಳೆಗೆ ತಿಳಿಯುತ್ತಿದ್ದವು. ಇವಳು ಈಗ ಹೋದರೆ ಹೋದಳು ಎಂದು ಜಪಾರ್‌ಗೆ ಖಚಿತವಾಗಿ ಗೊತ್ತಾಯಿತು. ನರಿ ಹಿಡಿದರೂ ಹೋದಳು, ಹಿಡಿಯದಿದ್ದರೂ ಹೋದಳು. ಹಿಂದಿರುಗಿ ಬಂದು ಕೈಮೇಲೆ ಕೂತರೂ ಅವಳು ಮೊದಲಿನವಳಲ್ಲ, ಅವಳಿಗೆ ತಾನು ಬೇಕಿಲ್ಲ. ಬಲಗೈ ಮುಸುಕಿನ ಬಾರಿನ ಮೇಲಿತ್ತು. ಎಳೆದರೆ ಸಾಕಿತ್ತು. ಅಷ್ಟರಲ್ಲಿ ಕೆಳಗೆ ಆರ್ಚಾ ಪೊದೆಯಿಂದ ನರಿಯೊಂದು ಹೊರಬಂತು. ಅವನು ಊರಿಗೆ ಹೇಳಿದ್ದ ಅದೇ ಪೊದೆ. ಅದು ಬಿಸಿಲಿಗೆ ಬಂದು ನಿಂತು, ಮೇಲಕ್ಕೆ, ಇಬ್ಬರು ಮನುಷ್ಯರ ಕಡೆಗೆ ನೋಡಿತು. ಓಡಲಿಲ್ಲ. ಕೂತು ಕಿವಿ ಕೆರೆದುಕೊಂಡಿತು.

"ಜಪಾರ್," ಎಂದ ಆತಾ ಪಿಸುದನಿಯಲ್ಲಿ, "ಏನಾದ್ರೂ ಕಾಣ್ತಾ?"

ನರಿ ಎದ್ದು, ಇಳಿಜಾರನ್ನು ಅಡ್ಡ ದಾಟತೊಡಗಿತು. ಅವಸರವೇನೂ ಇರಲಿಲ್ಲ ಅದಕ್ಕೆ.

"ಇಲ್ಲ, ಆತಾ."

ಮುದುಕ ಟೋಪಿಯ ಮಡಿಕೆಗಳನ್ನು ಒಂದೊಂದಾಗಿ ಕಿವಿಯ ಮೇಲೆ ಇಳಿಸಿಕೊಂಡ.

"ನಂಗೆ ಕಣ್ಣಿಲ್ಲ," ಎಂದ. "ನೀನು ಇಲ್ಲ ಅಂದ್ರೆ ಇಲ್ಲ."

ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಜಪಾರ್ ಇವತ್ತಿಗೂ ಅಂದುಕೊಳ್ಳುತ್ತಾನೆ. ಆತಾ ಕೇಳಲಿಲ್ಲ.